ಮೂರು ಮಿನಿಟ್ ತಡೀರಿ

ರಾಯಚೂರಿನ ಮೇ ತಿಂಗಳಲ್ಲಿ ಸೂರ್ಯ ಮುಳುಗಿದರೂ ಧಗೆ ಮುಳುಗುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಮಾಳಿಗೆ ರಾತ್ರಿ ಹತ್ತರ ಮೇಲೆ ಅದನ್ನು ಮನೆಯೊಳಕ್ಕೆ ಕಾರಲು ಶುರು ಮಾಡುತ್ತದೆ. ಅಂಥದೊಂದು ರಾತ್ರಿ ಹನ್ನೊಂದಕ್ಕೆ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ಫ್ಯಾನು ತಿರುಗಿತು, ಫ್ರಿಜ್ಜು ಗುರುಗುಟ್ಟಿತು, ಎದುರು ಮನೆಯ ಟಿ.ವಿ.ಯಲ್ಲಿ ನಿಂತಿದ್ದ ಅತ್ತೆ-ಸೊಸೆ ಜಗಳ ಮತ್ತೆ ಹತ್ತಿಕೊಂಡಿತು. ನಮ್ಮ ಎ.ಸಿ. ಮಾತ್ರ ‘ಟಿಂಗ್’ ಎಂದು ಒಮ್ಮೆ ಕಣ್ಣು ಬಿಟ್ಟು, ಬಾಯಿ ತೆರೆದು, ಬೆಚ್ಚನೆಯ ಗಾಳಿ ಊದುತ್ತ ಕೂತಿತು. ಹೊರಗಿನ ಗೋಡೆಗೆ ಹಾಕಿದ ಯಂತ್ರದಿಂದ ಸದ್ದೇ ಇಲ್ಲ.

“ಏನ್ರೀ, ಎ.ಸಿ. ಚಾಲೂ ಆಗವಲ್ದು” ಎಂದಳು ನನ್ನಾಕೆ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಕ್ಕಳಿಬ್ಬರೂ ಬೆವರಿನಲ್ಲಿ ತೊಯ್ದು ಎದ್ದು ಕೂತಿದ್ದರು.

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಓದಿದ ಮನುಷ್ಯ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾನೋ ಅದನ್ನೇ ಮಾಡಿದೆ. ರಿಮೋಟಿನ ಗುಂಡಿಯನ್ನು ಜೋರಾಗಿ ಒತ್ತಿದೆ. ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಗೋಡೆಯ ಸ್ವಿಚ್ಚು ಬಂದ್ ಮಾಡಿ ಚಾಲೂ ಮಾಡಿದೆ. ಎರಡು ನಿಮಿಷ ಕಾದು ಮತ್ತೆ ಬಂದ್, ಮತ್ತೆ ಚಾಲೂ. ಅರ್ಧ ಗಂಟೆ ಹೀಗೇ ಕಳೆದ ಮೇಲೆ ನಾಚಿಕೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆತ ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮಕ್ಕೆ ಒದ್ದಾಡಿ, ಆಮೇಲೆ ಐ.ಟಿ.ಐ. ಸೇರಿ, ಈಗ ಊರಿನ ಅರ್ಧ ಎ.ಸಿ.ಗಳ ನಾಡಿ ಹಿಡಿದವನು.

“ಸರ್, ಎಷ್ಟು ಸಲ ಬಂದ್ ಮಾಡಿ ಚಾಲೂ ಮಾಡೀರಿ?”

“ಹತ್ತು ಸಲ ಆಗಿರಬೇಕಪ್ಪ.”

“ಅದಕ್ಕ ಚಾಲೂ ಆಗಿಲ್ರಿ. ಈಗ ಒಂದ್ಸಲ ಸ್ವಿಚ್ ಹಾಕ್ರಿ, ಕೈ ಕಟ್ಟಿ ಕುಂದರ್ರಿ. ಸ್ಟೆಬಿಲೈಸರ್ದು ಮೂರು ಮಿನಿಟ್, ಎ.ಸಿ.ದು ಮೂರು ಮಿನಿಟ್. ಆರು ಮಿನಿಟ್ ಏನೂ ಮುಟ್ಟಬ್ಯಾಡ್ರಿ.”

ಆರು ನಿಮಿಷ ಮೊಮ್ಮಗಳ ಜೊತೆ ಗಡಿಯಾರ ನೋಡುತ್ತ ಕೂತೆ. ಹೊರಗೆ ‘ಟಕ್’ ಎಂದಿತು. ಹಿಂದೆಯೇ ‘ಗುಂಯ್’ ಎಂಬ ದನಿ, ಕಿಟಕಿಯ ಗಾಜು ಸಣ್ಣಗೆ ನಡುಗಿತು. ಎ.ಸಿ. ಕೆಟ್ಟೇ ಇರಲಿಲ್ಲ. ಅದು ಎಣಿಸುತ್ತಿತ್ತು. ನಾನು ಪ್ರತಿ ಸಲ ಸ್ವಿಚ್ಚು ಮುಟ್ಟಿದಾಗಲೂ ಅದರ ಎಣಿಕೆ ಒಂದರಿಂದ ಶುರುವಾಗುತ್ತಿತ್ತು.

ಈ ಎಣಿಕೆ ಯಾಕೆ ಎಂಬುದು ನನ್ನಂಥ ಮೇಷ್ಟ್ರಿಗೆ ಗೊತ್ತಿರಬೇಕಿತ್ತು. ಹೊರಗಿನ ಪೆಟ್ಟಿಗೆಯಲ್ಲಿ ಕಂಪ್ರೆಸರ್ ಎಂಬ ಪಂಪು ಇದೆ. ಅದು ಗ್ಯಾಸನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಗೆ ಒತ್ತುತ್ತದೆ. ನಮ್ಮದು ಆರ್-22 ಗ್ಯಾಸಿನ ಹಳೆಯ ಯಂತ್ರ. ಓಡುತ್ತಿರುವಾಗ ಎಳೆಯುವ ಕಡೆ 60-70 ಪಿ.ಎಸ್.ಐ. ಒತ್ತಡ, ಒತ್ತುವ ಕಡೆ ಬೇಸಿಗೆಯಲ್ಲಿ 250ಕ್ಕೂ ಮೇಲೆ. ಕಾರಿನ ಟೈರಿನಲ್ಲಿ ಇರುವುದು 30-35 ಎಂದು ನೆನೆದರೆ ಅದರ ಬಿಗುವು ತಿಳಿದೀತು. ಕರೆಂಟು ಹೋದ ಕೂಡಲೇ ಈ ಎರಡೂ ಕಡೆ ಸಮವಾಗುವುದಿಲ್ಲ. ನಡುವೆ ಇರುವುದು ಕೂದಲಿನಂಥ ತೂತಿನ ತಾಮ್ರದ ನಳಿಗೆ, ಅದರ ಮೂಲಕ ನಿಧಾನಕ್ಕೆ ನುಸುಳಿ ಸಮವಾಗಬೇಕು. ಅಷ್ಟರೊಳಗೆ ಮೋಟಾರಿಗೆ ಕರೆಂಟು ಕೊಟ್ಟರೆ, ಏರಿನಲ್ಲಿ ನಿಂತ ತುಂಬಿದ ಬಂಡಿಗೆ ಎತ್ತು ಕಟ್ಟಿ ಬಾರುಕೋಲು ಬೀಸಿದ ಹಾಗೆ. ಬಂಡಿ ಕದಲುವುದಿಲ್ಲ, ಎತ್ತು ಬೀಳುತ್ತದೆ. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ಸುತ್ತಿನ ತಂತಿಯನ್ನೇ ಸುಟ್ಟುಕೊಳ್ಳುತ್ತದೆ. ಅದು ಆಗದಿರಲೆಂದು ತಯಾರಿಸಿದವರು ಮೂರು ನಿಮಿಷದ ಬೀಗ ಹಾಕಿದ್ದಾರೆ. ಸ್ಟೆಬಿಲೈಸರ್ ಮಾಡಿದವರಿಗೆ ಎ.ಸಿ. ಮಾಡಿದವರ ಮೇಲೆ ನಂಬಿಕೆ ಇಲ್ಲದ್ದರಿಂದ ಅವರೂ ಒಂದು ಹಾಕಿದ್ದಾರೆ.

ಆ ರಾತ್ರಿಯಿಂದ ನನಗೊಂದು ಚಟ ಹತ್ತಿತು. ಮೆಕ್ಯಾನಿಕ್ ಹುಡುಗ ನಮ್ಮ ಓಣಿಗೆ ಬಂದರೆ ಅವನ ಹಿಂದೆ ಹೋಗಿ ನಿಲ್ಲುವುದು. ಎರಡು ಬೇಸಿಗೆ ನಿಂತು ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟು. ಚಾಲೂ ಆಗದ ಎ.ಸಿ. ಬಹಳ ಸಲ ಕೆಟ್ಟಿರುವುದಿಲ್ಲ, ಒಲ್ಲೆ ಅನ್ನುತ್ತಿರುತ್ತದೆ. ಎಲ್ಲೋ ಒಬ್ಬ ಕಾವಲುಗಾರ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಯಾರವನು, ಯಾಕೆ ಹಾಕಿಕೊಂಡ ಎಂದು ಕೇಳುವುದೇ ರಿಪೇರಿಯ ಮೊದಲ ಮುಕ್ಕಾಲು ಪಾಲು. ಕೇಳದೆ ಬಾಗಿಲು ಒದ್ದವರ ಮನೆಯಲ್ಲೇ ಕಂಪ್ರೆಸರ್ ಸುಟ್ಟಿದ್ದನ್ನು ಕಂಡಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತನಿಗೆ ಈ ವಿದ್ಯೆ ಯಾರೂ ಹೇಳಿಕೊಡಬೇಕಿಲ್ಲ. ಹೊಲಕ್ಕೆ ನೀರು ಬರದಿದ್ದರೆ ಅವನು ಹೊಲ ಅಗೆಯುವುದಿಲ್ಲ. ಸಲಿಕೆ ಹೆಗಲಿಗಿಟ್ಟು ಕಾಲುವೆಯ ಗುಂಟ ಮೇಲಕ್ಕೆ ನಡೆಯುತ್ತಾನೆ. ಎಲ್ಲಿಯ ತನಕ ನೀರಿದೆ, ಎಲ್ಲಿಂದ ಇಲ್ಲ, ಆ ನಡುವಿನ ತೂಬು ಯಾವುದು ಎಂದು ನೋಡುತ್ತಾನೆ. ಎ.ಸಿ.ಯ ಕಾಲುವೆಯೂ ಹೀಗೇ. ಕಂಬದಿಂದ ಮೀಟರು, ಮೀಟರಿನಿಂದ ಎಂ.ಸಿ.ಬಿ., ಅಲ್ಲಿಂದ ಪವರ್ ಪ್ಲಗ್ಗು, ಸ್ಟೆಬಿಲೈಸರ್, ಒಳಗಿನ ಯಂತ್ರದ ಬೋರ್ಡು, ಗೋಡೆ ತೂರಿ ಹೋಗುವ ವೈರು, ಕೊನೆಗೆ ಹೊರಗಿನ ಯಂತ್ರ. ನಡೆಯುವ ಮೊದಲು ಒಂದೇ ಪ್ರಶ್ನೆ: ಯಂತ್ರ ಪೂರಾ ಸತ್ತಿದೆಯೋ, ಅರ್ಧ ಜೀವ ಇದೆಯೋ? ಸದ್ದಿಲ್ಲ, ದೀಪವಿಲ್ಲ, ‘ಟಿಂಗ್’ ಕೂಡ ಇಲ್ಲ ಎಂದರೆ ತೊಂದರೆ ಮೇಲಿನ ತೂಬುಗಳಲ್ಲಿ. ಒಳಗೆ ಗಾಳಿ ಬರುತ್ತಿದ್ದು ಹೊರಗಿನದು ಮಾತ್ರ ಸುಮ್ಮನಿದ್ದರೆ ಕೆಳಗಿನ ತೂಬುಗಳಲ್ಲಿ. ಫೋನಿನಲ್ಲಿ ಇಷ್ಟು ಸರಿಯಾಗಿ ಹೇಳಿದರೆ ಮೆಕ್ಯಾನಿಕ್ ಯಾವ ಸಾಮಾನು ಹಿಡಿದುಕೊಂಡು ಬರಬೇಕೆಂಬುದೂ ತೀರ್ಮಾನವಾಗುತ್ತದೆ.

ರಿಮೋಟಿನ ವಿಷಯ ಬೇಗ ಮುಗಿಸೋಣ, ಆದರೆ ಬಿಡುವ ಹಾಗಿಲ್ಲ. ಸೆಲ್ಲು ಇಳಿದಿರಬಹುದು. ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಚುಕ್ಕೆಯಾಗಿ ಮಿನುಗಿದರೆ ರಿಮೋಟು ಮಾತಾಡುತ್ತಿದೆ ಎಂದರ್ಥ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ಬಹಳ ಫೋನುಗಳಲ್ಲಿ ಅದರಲ್ಲೇ ಚೆನ್ನಾಗಿ ಕಾಣುವುದು. ರಿಮೋಟೇ ಇಲ್ಲದಿದ್ದರೂ ಒಳಗಿನ ಯಂತ್ರದ ಮುಂದಿನ ಮುಚ್ಚಳ ಎತ್ತಿದರೆ ಬಲಗಡೆ ಸಾಮಾನ್ಯವಾಗಿ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಯಂತ್ರ ರಿಮೋಟಿನ ಹಂಗಿಲ್ಲದೆ ಓಡಬೇಕು. ಓಡಿದರೆ ತಪ್ಪು ರಿಮೋಟಿನದು, ರಿಪೇರಿ ಖರ್ಚು ಎರಡು ಸೆಲ್ಲು.

ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕಾಯಿಲೆ ಇದೆ. ರಿಮೋಟು ‘ಫ್ಯಾನ್’ ಮೋಡಿಗೆ ಹೋಗಿರುತ್ತದೆ, ಇಲ್ಲವೆ ಟೈಮರ್ ಬಿದ್ದಿರುತ್ತದೆ, ಇಲ್ಲವೆ 30 ಡಿಗ್ರಿಗೆ ಏರಿರುತ್ತದೆ. ಕೋಣೆಯೇ 29ರಲ್ಲಿದ್ದರೆ 30 ಕೇಳಿದ ಯಜಮಾನನಿಗೆ ಕಂಪ್ರೆಸರ್ ಯಾಕೆ ದುಡಿಯಬೇಕು? ಮಳೆಹನಿಯ ಚಿತ್ರವಿರುವ ‘ಡ್ರೈ’ ಮೋಡಿನಲ್ಲಿದ್ದರೆ ಕಂಪ್ರೆಸರ್ ಬಿಟ್ಟುಬಿಟ್ಟು ಓಡುತ್ತದೆ, ಕೆಟ್ಟಿದೆಯೇನೋ ಅನ್ನಿಸುತ್ತದೆ. ರಾಯಚೂರಿನ ಒಣ ಬೇಸಿಗೆಗೆ ಆ ಗುಂಡಿ ಬೇಡ, ಮಂಗಳೂರಿಗೆ ಬೇಕು. ಆದರೂ ಅದನ್ನು ಹಗುರಾಗಿ ಕಾಣುವ ಹಾಗಿಲ್ಲ. ಈ ಯಂತ್ರದ ಮೂಲಪುರುಷ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಅದನ್ನು ರೂಪಿಸಿದ್ದು ಮನುಷ್ಯರ ಧಗೆ ನೋಡಿ ಅಲ್ಲ. ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ಹಿಂಡುವುದೇ ಆತನಿಗೆ ಒಪ್ಪಿಸಿದ ಕೆಲಸ. ತಂಪಾಗುವುದು ಹೆಚ್ಚಿನ ಲಾಭ.

ಇನ್ನು ಎಂ.ಸಿ.ಬಿ. ಅದು ಬಿದ್ದಿದೆಯೇ ನೋಡಿ. ಕೆಲವದರಲ್ಲಿ ಹಿಡಿ ಅರ್ಧಕ್ಕೆ ನಿಂತು ಕಣ್ಣು ತಪ್ಪಿಸುತ್ತದೆ. ಪೂರ್ತಿ ಕೆಳಗಿಳಿಸಿ ಆಮೇಲೆ ಎತ್ತಬೇಕು. ಒಂದೇ ಸಲ. ಎತ್ತಿದ ಕೂಡಲೇ ಮತ್ತೆ ಬಿದ್ದರೆ ಎಲ್ಲೋ ಶಾರ್ಟ್ ಆಗಿದೆ, ಅದು ಬೀಳುವುದೇ ಸರಿ. ಎಂ.ಸಿ.ಬಿ. ಬಿಟ್ಟು ಅದರ ಪಕ್ಕದ ಆರ್.ಸಿ.ಸಿ.ಬಿ. ಬಿದ್ದರೆ ಅರ್ಥ ಬೇರೆ. ಕರೆಂಟು ಎಲ್ಲೋ ಅರ್ಥಿಗೆ ಸೋರುತ್ತಿದೆ. ಮನೆಗಳಲ್ಲಿ ಹಾಕುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವ ತರಹದ್ದು, ಅದು ನಿಮ್ಮ ಜೀವ ಕಾಯಲು ಇರುವುದು. ನಮ್ಮ ಓಣಿಯ ಒಬ್ಬರು ಪದೇ ಪದೇ ಬೀಳುವ ಎಂ.ಸಿ.ಬಿ. ಕಿತ್ತು ಅದರ ಜಾಗಕ್ಕೆ ಎರಡು ಪಟ್ಟು ದೊಡ್ಡದನ್ನು ಹಾಕಿಸಿದರು. ಆಮೇಲೆ ಎಂ.ಸಿ.ಬಿ. ಬೀಳಲಿಲ್ಲ. ಗೋಡೆಯೊಳಗಿನ ವೈರು ಕರಗಿತು.

ಎಷ್ಟು ಆಂಪು ಬೇಕು ಎಂಬ ಲೆಕ್ಕ ಹಾಕಲು ‘ಟನ್’ ಎಂಬ ಮಾತು ಬಿಡಿಸಬೇಕು. ಒಂದೂವರೆ ಟನ್ ಎಂದರೆ ಯಂತ್ರದ ತೂಕ ಅಂದುಕೊಂಡು, ಗೋಡೆ ತಡೆದೀತೇ ಎಂದು ಕೇಳಿದ ಹಿರಿಯರನ್ನು ಬಲ್ಲೆ. ನಗುವ ಹಾಗಿಲ್ಲ, ಅದು ಒಂದು ಕಾಲಕ್ಕೆ ತೂಕವೇ ಆಗಿತ್ತು. ಯಂತ್ರ ಬರುವ ಮೊದಲು ತಂಪು ಎಂದರೆ ಮಂಜುಗಡ್ಡೆ. ಒಂದು ಅಮೆರಿಕನ್ ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೀರುವ ಯಂತ್ರ ಒಂದು ಟನ್ನಿನದು. ಒಂದೂವರೆ ಟನ್ನಿನದು ಐದು ಕಿಲೋವ್ಯಾಟಿಗೂ ಹೆಚ್ಚು ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅದಕ್ಕೆ ತಾನು ಉಣ್ಣುವುದು ಒಂದೂವರೆ ಕಿಲೋವ್ಯಾಟಿನ ಆಸುಪಾಸು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಆರೇಳು ಆಂಪು. ಇದು ತಾಸುಗಟ್ಟಲೆ ಬಿಡುವಿಲ್ಲದೆ ಹರಿಯುವ ಕರೆಂಟು. ಅದಕ್ಕೇ ಪ್ಲಗ್ಗಿನ ಕಾಲು ಸಡಿಲವಾಗಿದ್ದರೆ ಅಲ್ಲಿ ಬಿಸಿ ಹುಟ್ಟಿ, ಸಾಕೆಟ್ಟಿನ ಒಂದು ತೂತು ಕಂದಾಗಿ, ಆಮೇಲೆ ಕಪ್ಪಾಗಿ, ಒಂದು ದಿನ ಎ.ಸಿ. ಪೂರಾ ಸಾಯುತ್ತದೆ. ಸುಟ್ಟ ಪ್ಲಾಸ್ಟಿಕ್ಕಿನ, ಮೀನಿನಂಥ ವಾಸನೆ ಮೊದಲೇ ಬಂದಿರುತ್ತದೆ. ಮನೆಯಲ್ಲಿ ಯಾರೋ ಅದನ್ನು ಪಕ್ಕದ ಮನೆಯ ಒಗ್ಗರಣೆ ಅಂದುಕೊಂಡಿರುತ್ತಾರೆ. ಎಂ.ಸಿ.ಬಿ. ಇಳಿಸಿ, ಪ್ಲಗ್ಗು ಕಿತ್ತು, ಮೂಸಿ ನೋಡುವುದು ನಾಚಿಕೆಯ ಕೆಲಸವಲ್ಲ.

ಈ ಹಂತದಲ್ಲಿ ನಮ್ಮ ಮನೆಗಳಲ್ಲಿ ಟೆಸ್ಟರ್ ಹೊರಗೆ ಬರುತ್ತದೆ. ಸಾಕೆಟ್ಟಿನ ತೂತಿಗೆ ಚುಚ್ಚುತ್ತಾರೆ, ಕೆಂಪು ದೀಪ ಹತ್ತುತ್ತದೆ, “ಕರೆಂಟ್ ಐತಿ, ಮಷೀನ್ ಹೋಗೇತಿ” ಎಂದು ತೀರ್ಪಾಗುತ್ತದೆ. ಟೆಸ್ಟರ್ ಹೇಳುವುದು ಅರ್ಧ ಸತ್ಯ. ಫೇಸ್ ಬಂದಿದ್ದರೆ ಅದು ಹತ್ತುತ್ತದೆ. ವೋಲ್ಟೇಜು 230 ಇದೆಯೋ 150 ಇದೆಯೋ ಅದಕ್ಕೆ ತಿಳಿಯದು. ನ್ಯೂಟ್ರಲ್ ಕಟ್ಟಾಗಿದ್ದರೂ ಹತ್ತುತ್ತದೆ. ಹೋಗುವ ದಾರಿ ಇದ್ದು ಬರುವ ದಾರಿ ಮುಚ್ಚಿದ ಊರಿಗೆ ಬಸ್ಸು ಎಷ್ಟು ದಿನ ಹೋದೀತು? ಅದಕ್ಕೇ ನನ್ನ ಶಿಷ್ಯ ಟೆಸ್ಟರನ್ನು ಜೇಬಿನಲ್ಲೇ ಬಿಟ್ಟು ಮೀಟರು ತೆಗೆಯುತ್ತಾನೆ, ಫೇಸು-ನ್ಯೂಟ್ರಲ್ ನಡುವೆ ಅಳೆಯುತ್ತಾನೆ. ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಮನೆಯೊಳಗಲ್ಲ, ಕಂಬದ ಕಡೆ ಕಟ್ಟಾದರೆ. ಆಗ ಕೆಲವು ಮನೆಗಳಲ್ಲಿ ದೀಪ ಮಂಕಾಗುತ್ತದೆ, ಕೆಲವದರಲ್ಲಿ ಮದುವೆ ಮನೆಯಂತೆ ಹೊಳೆಯುತ್ತದೆ. ಹೊಳೆಯುವ ಮನೆಗೆ ವೋಲ್ಟೇಜು 400ರ ಕಡೆಗೆ ಏರುತ್ತಿರುತ್ತದೆ. ದೀಪ ಎಂದಿಗಿಂತ ಜೋರಾಗಿ ಉರಿದರೆ ಹಿಗ್ಗಬೇಡಿ, ಓಡಿ ಹೋಗಿ ಮೇನ್ ಇಳಿಸಿ. ಎ.ಸಿ.ಯ ಬೋರ್ಡಿನಲ್ಲಿ ನಾಣ್ಯದಂಥ ಒಂದು ಬಿಲ್ಲೆ ಇರುತ್ತದೆ. ಏರಿದ ವೋಲ್ಟೇಜಿಗೆ ಅದು ತಾನು ಸಿಡಿದು, ಜೊತೆಗಿನ ಫ್ಯೂಜನ್ನೂ ಕರೆದುಕೊಂಡು ಹೋಗಿ, ಉಳಿದ ಬೋರ್ಡನ್ನು ಕಾಯುತ್ತದೆ. ಇಂಥ ಬೋರ್ಡು ಪೂರಾ ಸತ್ತಂತೆ ಕಾಣುತ್ತದೆ, ಆದರೆ ಬಲ್ಲವನ ಕೈಗೆ ಸಿಕ್ಕರೆ ಎರಡು ಚಿಲ್ಲರೆ ಸಾಮಾನಿನಲ್ಲಿ ಎದ್ದು ಕೂರುತ್ತದೆ. “ಪೂರಾ ಬೋರ್ಡೇ ಹಾಕಬೇಕು” ಎಂದು ನೋಡುವ ಮುಂಚೆಯೇ ಹೇಳುವವನನ್ನು ಚಹಾ ಕುಡಿಸಿ ಕಳಿಸಬಹುದು.

ಸ್ಟೆಬಿಲೈಸರಿನ ಮುಖದ ಮೇಲಿನ ಅಂಕಿ ಓದುವುದನ್ನು ನಮ್ಮ ಮನೆಯಲ್ಲಿ ಈಗ ಎಲ್ಲರೂ ಕಲಿತಿದ್ದೇವೆ. ರಾಯಚೂರಿನಲ್ಲಿ ಇದೊಂದು ವಿಚಿತ್ರ. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಶಾಖೋತ್ಪನ್ನ ಕೇಂದ್ರವಿದೆ. 1985ರಿಂದ ಅದರ ಚಿಮಣಿಗಳ ಹೊಗೆ ನೋಡುತ್ತ ಬದುಕಿದವರು ನಾವು. ನಾಡಿಗೆ ಬೆಳಕು ಕೊಡುವ ಊರಿನ ಪಕ್ಕದಲ್ಲೇ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಅಂಕಿ 175 ತೋರಿಸುತ್ತದೆ. ತಪ್ಪು ಶಕ್ತಿನಗರದ್ದಲ್ಲ, ಮತ್ತೆ ಅದೇ ಕಾಲುವೆಯ ಕಥೆ. ಟ್ರಾನ್ಸ್‌ಫಾರ್ಮರಿನ ಪಕ್ಕದ ಮನೆ ಮೇಲ್ಭಾಗದ ಹೊಲ, ನಾವು ಕೊನೆಭಾಗದವರು. ನಡುವೆ ಮೂವತ್ತು ಎ.ಸಿ. ಹತ್ತಿದರೆ ನಮಗೆ ಬರುವುದು ಕೆಸರು.

ವೋಲ್ಟೇಜು ಇಳಿದರೆ ಎ.ಸಿ. ನಿಧಾನಕ್ಕೆ ಓಡೀತು ಎಂದು ಬಹಳ ಜನ ತಿಳಿದಿದ್ದಾರೆ, ಫ್ಯಾನಿನ ಹಾಗೆ. ಹಳೆಯ ತರಹದ ಕಂಪ್ರೆಸರಿಗೆ ಆ ಸೌಕರ್ಯವಿಲ್ಲ. ಮೋಟಾರು ಎದ್ದು ನಿಲ್ಲುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ಬಂದರೆ ವೋಲ್ಟೇಜು ಕಡಿಮೆಯಾದದ್ದು ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಆದರೆ ಬಲ ಉಳಿಯುವುದು 100ಕ್ಕೆ 61. ಅದರ ಮೇಲೆ 250 ಪಿ.ಎಸ್.ಐ. ಒತ್ತಡ. ಸ್ಟೆಬಿಲೈಸರ್ ಒಂದು ಮಟ್ಟದ ತನಕ ಎತ್ತಿ ಕೊಡುತ್ತದೆ. ಅದರ ಕೆಳಗೆ ಇಳಿದರೆ ಕೈ ಎತ್ತಿ ಕರೆಂಟು ಕಡಿಯುತ್ತದೆ. ಎ.ಸಿ.ಗೆಂದು ಮಾಡಿದವುಗಳಲ್ಲಿ 170ರ ಸುಮಾರಿಗೆ ಕಡಿಯುವವು ಬಹಳ, ಇನ್ನೂ ಕೆಳಗೆ ತಡೆಯುವವೂ ಇವೆ. ಕಡಿದಾಗ ಎ.ಸಿ. ಪೂರಾ ಸತ್ತಂತೆ ಕಾಣುತ್ತದೆ. ಅಂಕಿಯ ಪಕ್ಕದ ಕೆಂಪು ದೀಪ ನೋಡದವರು ಮೆಕ್ಯಾನಿಕ್‌ನನ್ನು ಕರೆಯುತ್ತಾರೆ, ಆತ ಬರುವ ಹೊತ್ತಿಗೆ ವೋಲ್ಟೇಜು ಏರಿ ಯಂತ್ರ ಓಡುತ್ತಿರುತ್ತದೆ. “ನೀನು ಬಂದ ಕೂಡ್ಲೇ ಚಾಲೂ ಆತು ನೋಡಪ್ಪ, ಕೈಗುಣ” ಅನ್ನುತ್ತಾರೆ. ಕೈಗುಣಕ್ಕೆ ಆತ ಮುನ್ನೂರು ರೂಪಾಯಿ ತೆಗೆದುಕೊಳ್ಳುತ್ತಾನೆ. ನಾನು ಆಕ್ಷೇಪಿಸಿದೆ. “ಪೆಟ್ರೋಲ್ ಖರ್ಚಾಗೇತಲ್ರಿ ಸರ್” ಎಂದ.

ಇಲ್ಲಿ ಒಂದು ಮಾತಿನ ಗೊಂದಲ ತೆಗೆದುಬಿಡಬೇಕು. ‘ಇನ್ವರ್ಟರ್ ಎ.ಸಿ.’ ಎಂದರೆ ಕರೆಂಟು ಹೋದಾಗ ಮನೆಯ ಇನ್ವರ್ಟರಿನ ಬ್ಯಾಟರಿ ಮೇಲೆ ಓಡುವ ಎ.ಸಿ. ಎಂದು ತಿಳಿದುಕೊಂಡವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ. ಅದಕ್ಕೂ ಇದಕ್ಕೂ ಹೆಸರೊಂದೇ, ಸಂಬಂಧವಿಲ್ಲ. ಆ ಎ.ಸಿ.ಯೊಳಗಿನ ಎಲೆಕ್ಟ್ರಾನಿಕ್ಸು ಬಂದ ಕರೆಂಟನ್ನು ಡಿ.ಸಿ. ಮಾಡಿ, ಮತ್ತೆ ತನಗೆ ಬೇಕಾದ ವೇಗದ ಎ.ಸಿ. ಕರೆಂಟು ಮಾಡಿಕೊಂಡು ಕಂಪ್ರೆಸರನ್ನು ಮೆಲ್ಲಗೆ ಎಬ್ಬಿಸುತ್ತದೆ. ಎದ್ದೇಳುವಾಗಿನ ಎಳೆತ ಅದಕ್ಕೆ ಇಲ್ಲ. ಪ್ರತಿಯಾಗಿ ಅದರ ಕಾವಲುಗಾರರು ಹೆಚ್ಚು, ಅವರಿಗೆ ಸಿಟ್ಟೂ ಬೇಗ.

ಕೆಳಗಿನ ತೂಬುಗಳಿಗೆ ಬರೋಣ. ಒಳಗೆ ಗಾಳಿ, ಹೊರಗೆ ಮೌನ, ಆರು ನಿಮಿಷವೂ ಕಳೆದಿದೆ. ಕಿವಿಗೊಟ್ಟು ಕೇಳಿ. ಹೊರಗಿನ ಪೆಟ್ಟಿಗೆ ‘ಹೂಂ’ ಎಂದು ನಾಲ್ಕಾರು ಸೆಕೆಂಡು ಮುಲುಕಿ, ‘ಟಕ್’ ಎಂದು ಸುಮ್ಮನಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಮುಲುಕಿದರೆ, ಹಳೆಯ ತರಹದ ಎ.ಸಿ.ಯಲ್ಲಿ ಮೊದಲ ಅನುಮಾನ ಕೆಪಾಸಿಟರಿನ ಮೇಲೆ. ಇದನ್ನೇ ಸೀಲಿಂಗ್ ಫ್ಯಾನಿನಲ್ಲಿ ನಾವೆಲ್ಲ ‘ಕಂಡೆನ್ಸರ್’ ಅನ್ನುತ್ತೇವೆ. ಎ.ಸಿ.ಯಲ್ಲಿ ಕಂಡೆನ್ಸರ್ ಎಂದರೆ ಹೊರಗಿನ ಜಾಲರಿಯ ಕಾಯಿಲ್. “ಕಂಡೆನ್ಸರ್ ಹೋಗೇದ” ಎಂದು ಒಬ್ಬ ಹೇಳಿದ್ದು ಕೆಲವು ನೂರು ರೂಪಾಯಿಯ ಡಬ್ಬಿಗೆ, ಇನ್ನೊಬ್ಬ ಕೇಳಿಸಿಕೊಂಡದ್ದು ಸಾವಿರಗಟ್ಟಲೆಯ ಕಾಯಿಲಿಗೆ. ಇದರಿಂದ ಜಗಳವಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೆಪಾಸಿಟರ್ ಸಿಂಗಲ್ ಫೇಸ್ ಮೋಟಾರಿಗೆ ಎತ್ತ ತಿರುಗಬೇಕೆಂದು ಹೇಳಿ ಹೆಗಲು ಕೊಡುವ ಆಳು. ಒಂದೂವರೆ ಟನ್ನಿನ ಕಂಪ್ರೆಸರಿಗೆ ಸಾಮಾನ್ಯವಾಗಿ 45-50 ಎಂ.ಎಫ್.ಡಿ.ಯದು (ಮೈಕ್ರೋಫ್ಯಾರಡ್) ಇರುತ್ತದೆ. ವರ್ಷ ವರ್ಷ ಬಿಸಿಲು ತಿಂದು ಅದು ಇಳಿಯುತ್ತ ಬರುತ್ತದೆ, ಕೆಲವು ಸಲ ತಲೆ ಉಬ್ಬುತ್ತದೆ. ಪಡುವಣ ಗೋಡೆಗೆ ಹಾಕಿದ ಯಂತ್ರಗಳಲ್ಲಿ ಇದು ಬೇಗ ಸಾಯುತ್ತದೆ ಎಂಬುದು ನನ್ನ ಶಿಷ್ಯನ ಅನುಭವ, ನಾನೂ ಒಪ್ಪುತ್ತೇನೆ. ನಮ್ಮ ಯಂತ್ರ ಪಡುವಣ ಗೋಡೆಯಲ್ಲೇ ಇದೆ.

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಹೊರಗಿನ ಪೆಟ್ಟಿಗೆ ಬಿಚ್ಚಬೇಡಿ. ಕೆಪಾಸಿಟರ್ ಕರೆಂಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ಗು ಕಿತ್ತ ಮೇಲೂ ಹೊಡೆಯುತ್ತದೆ. ಇನ್ವರ್ಟರ್ ಎ.ಸಿ.ಯ ಬೋರ್ಡಿನಲ್ಲಂತೂ 300 ವೋಲ್ಟಿಗೂ ಹೆಚ್ಚಿನ ಡಿ.ಸಿ. ಕೂತಿರುತ್ತದೆ, ಬಂದ್ ಮಾಡಿದ ಮೇಲೂ ಕೆಲವು ನಿಮಿಷ. ಯೂಟ್ಯೂಬ್ ನೋಡಿ ಸ್ಕ್ರೂ ಡ್ರೈವರ್ ಹಿಡಿದವರಿಗೆ ಈ ಮಾತು.

ಮುಲುಕಾಟವೂ ಇಲ್ಲ, ಫ್ಯಾನು ಮಾತ್ರ ತಿರುಗುತ್ತಿದೆ, ಮಧ್ಯಾಹ್ನ ಓಡುತ್ತಿದ್ದದ್ದು ನಾಲ್ಕಕ್ಕೆ ನಿಂತು ಏಳಕ್ಕೆ ತಾನೇ ಚಾಲೂ ಆಗುತ್ತದೆ ಎಂದರೆ ಕಾವಲುಗಾರ ಬೇರೆ. ಕಂಪ್ರೆಸರಿನ ತಲೆಯ ಮೇಲೆ ‘ಓವರ್‌ಲೋಡ್’ ಎಂಬ ಗುಂಡಿಯಂಥ ವಸ್ತು ಇರುತ್ತದೆ. ಒಳಗೆ ಇರುವುದು ಎರಡು ಲೋಹದ ಬಿಲ್ಲೆ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಬಿಲ್ಲೆ ಬಾಗಿ ಸಂಪರ್ಕ ತಪ್ಪುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ನಾನು ಚಿತ್ರ ಬಿಡಿಸುತ್ತಿದ್ದದ್ದು ಇದನ್ನೇ, ಮೂವತ್ತು ವರ್ಷ. ಅದು ನನ್ನ ಗೋಡೆಯ ಆಚೆ ಕೂತು ಕೆಲಸ ಮಾಡುತ್ತಿದೆ ಎಂದು ಗೊತ್ತಿರಲಿಲ್ಲ. ಬಿಸಿಯಾಗಿ ಬಿಟ್ಟುಕೊಂಡ ಓವರ್‌ಲೋಡ್ ತಣ್ಣಗಾಗಿ ಕೂಡಿಕೊಳ್ಳಲು ಅರ್ಧ ಗಂಟೆ, ಒಂದು ಗಂಟೆ ಹಿಡಿಯುವುದುಂಟು. ಕಂಪ್ರೆಸರ್ ಕಬ್ಬಿಣದ ಭಾರದ ಗಡಿಗೆ, ಬೇಗ ಆರುವುದಿಲ್ಲ. ಯಾಕೆ ಬಿಸಿಯಾಯಿತು? ನಮ್ಮೂರಿನಲ್ಲಿ ಉತ್ತರ ಸುಲಭ: ಧೂಳು. ಜಾಲರಿಯ ಸಂದುಗಳಲ್ಲಿ ಧೂಳು, ಹತ್ತಿಯ ಎಳೆ, ಅಕ್ಕಿ ಗಿರಣಿಯ ತೌಡು ಕಂಬಳಿಯಂತೆ ಕೂತಿರುತ್ತದೆ. 42 ಡಿಗ್ರಿ ಬಿಸಿಲಿನಲ್ಲಿ ಕಂಬಳಿ ಹೊದ್ದು ದುಡಿ ಎಂದರೆ ಯಾರಾದರೂ ಬಿದ್ದಾರು. ಮೇನ್ ಇಳಿಸಿ, ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು ಜಾಲರಿ ತೊಳೆಯುವುದನ್ನು ಮನೆಯವರೇ ಮಾಡಬಹುದು. ಜೋರಾದ ಪಿಚಕಾರಿ ಬೇಡ, ಜಾಲರಿಯ ಎಸಳು ಮಡಚಿಕೊಳ್ಳುತ್ತವೆ. ವೈರು ಕೂಡುವ ಬದಿಗೆ ನೀರು ಹಾಯಿಸಬಾರದು. ಯಂತ್ರ ಮಾಳಿಗೆಯ ಅಂಚಿನಿಂದ ಬಗ್ಗಿದರೆ ಮಾತ್ರ ಸಿಗುವಂತಿದ್ದರೆ ಆ ಸಾಹಸವೇ ಬೇಡ.

ನಮ್ಮ ಎ.ಸಿ. ನಿಜವಾಗಿ ಕೆಟ್ಟದ್ದು ಆ ರಾತ್ರಿಯಾದ ಮೇಲಿನ ವರ್ಷ. ಮಾರ್ಚಿನಲ್ಲಿ, ಐದು ತಿಂಗಳ ನಿದ್ದೆಯ ನಂತರ ಮೊದಲ ಸಲ ಹಾಕಿದಾಗ. ಆರು ನಿಮಿಷ, ಹತ್ತು ನಿಮಿಷ, ಏನೂ ಇಲ್ಲ. ಈ ಸಲ ನಾನು ಸ್ವಿಚ್ಚು ಮುಟ್ಟಲಿಲ್ಲ, ವೋಲ್ಟೇಜು ಓದಿದೆ, ಪ್ಲಗ್ಗು ಮೂಸಿದೆ, ಎಲ್ಲ ಬರೆದುಕೊಂಡು ಶಿಷ್ಯನಿಗೆ ಹೇಳಿದೆ. ಆತ ಬಂದು ಹೊರಗಿನ ಪೆಟ್ಟಿಗೆಯ ಬದಿಯ ತಗಡು ಬಿಚ್ಚಿ, ಒಳಗೆ ನೋಡಿ, “ಸರ್, ಬಾಡಿಗಿಯವ್ರು ಅದಾರ್ರಿ” ಎಂದ. ಕರೆಂಟು ಕೂಡುವ ತುಟಿಗಳ ನಡುವೆ ಒಂದು ಹಲ್ಲಿ ಒಣಗಿ ಹಪ್ಪಳವಾಗಿತ್ತು. ಬೆಚ್ಚಗಿನ ಜಾಗ, ಹುಳು ಸಿಗುವ ಜಾಗ ಎಂದು ಹೋಗಿ, ಎರಡು ತುಟಿಗೆ ಒಟ್ಟಿಗೆ ಕಾಲಿಟ್ಟಿರಬೇಕು. ತಲೆಯ ಮೇಲೆ ಬಿದ್ದರೆ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ನಮ್ಮ ಪಂಚಾಂಗಗಳಲ್ಲಿ ಹಲ್ಲಿಗೆ ಒಂದು ಪುಟವೇ ಮೀಸಲು. ಬೋರ್ಡಿನ ಮೇಲೆ ಬಿದ್ದರೆ ಏನು ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ. ಫಲ: ಸಾವಿರದ ಎಂಟುನೂರು ರೂಪಾಯಿ ನಷ್ಟ.

ಹಲ್ಲಿಯೊಂದೇ ಅಲ್ಲ. ಸಣ್ಣ ಇರುವೆಗಳು ರಿಲೇಯ ಸಂದಿನಲ್ಲಿ ಸೇರಿ ಸತ್ತು ಸಂಪರ್ಕವೇ ಕೂಡದಂತೆ ಮಾಡುತ್ತವೆ. ಕಣಜ ಫ್ಯಾನಿನ ಬುಡದಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಇಲಿ, ಗೋಡೆಯ ತೂತಿನಲ್ಲಿ ಹೋಗುವ ವೈರು ಕಡಿಯುತ್ತದೆ. ಆ ವೈರಿನಲ್ಲಿ ಕರೆಂಟಿನ ಜೊತೆಗೆ, ಒಳಗಿನ ಯಂತ್ರ ಹೊರಗಿನದರ ಜೊತೆ ಮಾತಾಡುವ ಒಂದು ಎಳೆಯೂ ಇನ್ವರ್ಟರ್ ಎ.ಸಿ.ಗಳಲ್ಲಿ ಇರುತ್ತದೆ. ಆ ಎಳೆ ಕಡಿದರೆ, ಅಥವಾ ವೈರಿಗೆ ನಡುವೆ ಗಂಟು ಹಾಕಿದ ಜಾಗ ಮಳೆಗೆ ಹಸಿರುಗಟ್ಟಿದರೆ, ಎರಡೂ ಯಂತ್ರ ಚೆನ್ನಾಗಿದ್ದೂ ಮಾತು ಬಿಟ್ಟ ದಾಯಾದಿಗಳ ಹಾಗೆ ಕೂತುಬಿಡುತ್ತವೆ. ಎಲೆಕ್ಟ್ರಿಷಿಯನ್ ಮನೆಯ ವೈರಿಂಗ್ ಮಾಡುವಾಗ ಫೇಸು-ನ್ಯೂಟ್ರಲ್ ಅದಲು ಬದಲು ಮಾಡಿದ್ದಕ್ಕೇ ಮಾತು ಬಿಡುವ ಎ.ಸಿ.ಗಳೂ ಕೆಲವಿವೆ.

ಇಂಥ ಹೊತ್ತಿನಲ್ಲಿ ಒಳಗಿನ ಯಂತ್ರ ಒಂದು ಅಕ್ಷರ, ಒಂದು ಅಂಕಿ ತೋರಿಸುತ್ತದೆ, ಅಥವಾ ದೀಪವನ್ನು ಲೆಕ್ಕವಾಗಿ ಮಿಟುಕಿಸುತ್ತದೆ. ಅದರ ಅರ್ಥ ಕಂಪನಿಗೊಂದು ತರ, ಆದ್ದರಿಂದ ಪಕ್ಕದ ಮನೆಯವರ ಅನುಭವ ನಿಮ್ಮ ಉಪಯೋಗಕ್ಕೆ ಬಾರದು. ಬಂದ್ ಮಾಡುವ ಮೊದಲು ಮೊಬೈಲಿನಲ್ಲಿ ಚಿತ್ರ ಹಿಡಿದುಕೊಳ್ಳಿ. ಮಿಟುಕುತ್ತಿದ್ದರೆ ವಿಡಿಯೋ ಮಾಡಿ. ಬಂದ್ ಮಾಡಿದ ಮೇಲೆ ಯಂತ್ರ ತನ್ನ ಸಂಕಟ ಮರೆತುಬಿಡುವುದುಂಟು, ಮೆಕ್ಯಾನಿಕ್ ಬಂದಾಗ ನಗುತ್ತ ಕೂತಿರುತ್ತದೆ.

“ಗ್ಯಾಸ್ ಹೋಗೇದ” ಎಂಬ ಮಾತಿನ ಬಗ್ಗೆ ಹೇಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಎ.ಸಿ. ಚಾಲೂ ಆಗಲಿಲ್ಲ ಎಂದು ಕರೆದರೆ ಬಂದವನು ಪೆಟ್ಟಿಗೆ ಮುಟ್ಟುವ ಮೊದಲೇ ಈ ಮಾತು ಹೇಳುವುದು ಎಲ್ಲ ಊರಿನ ಅನುಭವ. ಗ್ಯಾಸು ಅಡುಗೆ ಸಿಲಿಂಡರಿನ ಹಾಗೆ ಖರ್ಚಾಗುವ ವಸ್ತುವಲ್ಲ. ತಾಮ್ರದ ನಳಿಗೆಯೊಳಗೆ ಅದೇ ಗ್ಯಾಸು ವರ್ಷಾನುಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದರ್ಥ, ಸೋರಿದ ಜಾಗ ಹುಡುಕದೆ ತುಂಬಿದರೆ ಮುಂದಿನ ಮೇ ತಿಂಗಳಿಗೆ ಮತ್ತೆ ಅದೇ ಮಾತು. ಗ್ಯಾಸು ಕಡಿಮೆಯಾದ ಹಳೆಯ ಎ.ಸಿ. ಸಾಮಾನ್ಯವಾಗಿ ಚಾಲೂ ಆಗುತ್ತದೆ, ಓಡುತ್ತದೆ, ತಂಪು ಮಾತ್ರ ಕೊಡುವುದಿಲ್ಲ, ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ. ಇನ್ವರ್ಟರ್ ಎ.ಸಿ. ಕೆಲ ಹೊತ್ತು ಓಡಿ, ಅನುಮಾನ ಬಂದು, ಅಂಕಿ ತೋರಿಸಿ ನಿಲ್ಲಬಹುದು. ಕಂಪ್ರೆಸರ್ ಏಳದೇ ಇರುವ ಯಂತ್ರಕ್ಕೆ ನೋಡದೆಯೇ ಗ್ಯಾಸಿನ ಮದ್ದು ಹೇಳುವುದು, ಕಾಲು ಮುರಿದವನಿಗೆ ಗ್ಲೂಕೋಸ್ ಹಾಕಿದ ಹಾಗೆ. ನಿಜವಾಗಿ ತುಂಬಬೇಕಾದರೆ ಬಲ್ಲವನು ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡುತ್ತಾನೆ, ಬೆಸೆಯುತ್ತಾನೆ, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ತೆಗೆಯುತ್ತಾನೆ, ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾನೆ. ತಕ್ಕಡಿ ತಂದಿಲ್ಲದವನ ಬಗ್ಗೆ ಅನುಮಾನವಿರಲಿ. ಈಗಿನ ಹೊಸ ಯಂತ್ರಗಳಲ್ಲಿ ಬರುವ ಆರ್-32 ಮೆಲ್ಲಗಾದರೂ ಉರಿಯುವ ಗುಣದ್ದು, ಅದರ ಹತ್ತಿರ ಬೆಂಕಿಯ ಕೆಲಸ ಕಲಿತವನೇ ಮಾಡಬೇಕು.

ಕಲಿತವನು ಕಂಪ್ರೆಸರ್ ಸತ್ತಿದೆ ಎಂದು ಹೇಳುವ ಮೊದಲು ಏನು ಮಾಡುತ್ತಾನೆ ಎಂದು ನೋಡುವುದೇ ಒಂದು ಪಾಠ. ಅದರ ತಲೆಯ ಮೇಲೆ ಸಿ, ಎಸ್, ಆರ್ ಎಂಬ ಮೂರು ಮೊಳೆ. ಎರಡೆರಡರ ನಡುವೆ ಓಮ್ ಅಳೆಯುತ್ತಾನೆ. ಎಸ್-ಆರ್ ನಡುವಿನದು ಉಳಿದೆರಡರ ಮೊತ್ತಕ್ಕೆ ಸಮ ಬಂದರೆ ಸುತ್ತು ಮುರಿದಿಲ್ಲ. ಮೊಳೆಗೂ ಕಬ್ಬಿಣದ ಮೈಗೂ ಸಂಪರ್ಕ ತೋರಿಸಿದರೆ ಮಾತ್ರ ಆಸೆ ಬಿಡಬೇಕು. ಹತ್ತನೇ ತರಗತಿಯಲ್ಲಿ ಸರಣಿ ಜೋಡಣೆಯ ರೋಧ ಕೂಡಿಸಲು ಬಾರದೆ ಬೆಂಚಿನ ಮೇಲೆ ನಿಂತ ಹುಡುಗ, ಬಿಸಿಲಿನಲ್ಲಿ ಏಣಿಯ ಮೇಲೆ ನಿಂತು, “ಎರಡೂವರಿ, ಒಂದೂವರಿ, ನಾಕು. ಬರೋಬ್ಬರಿ ಐತಿ ನೋಡ್ರಿ ಸರ್” ಎಂದಾಗ ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.

ಹೋದ ಬೇಸಿಗೆಯ ಒಂದು ರಾತ್ರಿ ಅಂಕಿ 164ಕ್ಕೆ ಇಳಿಯಿತು. ಕೆಂಪು ದೀಪ. ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ, ಆರಿದ ಮೇಲೆ ಜಮಖಾನ ಹಾಸಿ, ನನ್ನಾಕೆ, ನಾನು, ಮೊಮ್ಮಕ್ಕಳು ಸಾಲಾಗಿ ಮಲಗಿದೆವು. ಶಕ್ತಿನಗರದ ಕಡೆಯ ಆಕಾಶ ಮಬ್ಬಾಗಿ ಕೆಂಪಗಿತ್ತು. ಮೂಡಣದಿಂದ ಒಂದಿಷ್ಟು ಗಾಳಿ ಬಂತು. ಕಣ್ಣು ಹತ್ತಿದ್ದು ಯಾವಾಗಲೋ. ಎರಡೂವರೆಯ ಹೊತ್ತಿಗೆ, ಊರಿನ ಎ.ಸಿ.ಗಳೆಲ್ಲ ಒಂದೊಂದಾಗಿ ಸುಮ್ಮನಾಗಿ ವೋಲ್ಟೇಜು ಏರಿರಬೇಕು, ಕೆಳಗೆ ಪಡುವಣ ಗೋಡೆಯಲ್ಲಿ ‘ಟಕ್’ ಎಂದಿತು. ಹಿಂದೆಯೇ ‘ಗುಂಯ್’. ಯಾರೂ ಇಲ್ಲದ ಕೋಣೆಯನ್ನು ಅದು ಶ್ರದ್ಧೆಯಿಂದ ತಂಪು ಮಾಡತೊಡಗಿತು.

“ಹೋಗಿ ಬಂದ್ ಮಾಡಿ ಬರ್ರಿ” ಎಂದಳು ನನ್ನಾಕೆ, ಕಣ್ಣು ಮುಚ್ಚಿಕೊಂಡೇ.

“ಮೂರು ಮಿನಿಟ್ ತಡಿ” ಎಂದು ಮಗ್ಗುಲು ಬದಲಿಸಿದೆ.